ನಿಮ್ಮ ಗಂಟೇನು ಹೋಗುತ್ತೆ?

ಕಿರಿಸೊಸೆ ನರ್ಸಿನ ಕೋಣೆಗೆ ಹೋಗಿ ಆಗಲೇ ಅರ್ಧ ತಾಸಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹಿರಿಸೊಸೆಗೆ ಹೊಟ್ಟೆಕಿಚ್ಚು. ಬಟ್ಟೆ ಹೊಲಿಯುವ ಕೈ ಅವಳದು. ಆಸ್ಪತ್ರೆಯ ಚೀಟಿಯ ಅಂಚನ್ನು ಮಡಿಸುತ್ತ, ಬಿಚ್ಚುತ್ತ ಕೂತಿದ್ದಳು. ತಾನು ಕೆಮ್ಮೆಂದು ಬಂದಾಗ ಎರಡೇ ನಿಮಿಷ. ಇವಳಿಗೆ ಬಾಗಿಲು ಹಾಕಿಕೊಂಡು ಮಾತು! ಮನೆಯಲ್ಲಿ ಅತ್ತೆಗೂ ಇವಳೇ ಮುದ್ದು, ಇಲ್ಲಿ ನರ್ಸಿಗೂ ಇವಳೇ ಮುದ್ದು.

ಹಿರಿಸೊಸೆಯ ಎದೆಯಲ್ಲಿ ಮೂರು ತಿಂಗಳಿಂದ ಒಂದು ಗಂಟಿತ್ತು. ಯಾರಿಗೂ ಹೇಳಿರಲಿಲ್ಲ. ಆಸ್ಪತ್ರೆಯಲ್ಲಿ ಬಾಯಿಬಿಟ್ಟರೆ ಬೀದಿಗೆಲ್ಲ ಗೊತ್ತಾಗುತ್ತದೆ ಎಂಬ ಭಯ. ಕಿರಿಯವಳಿಗೆ ತಿಳಿದರಂತೂ ತಲೆ ಎತ್ತುವ ಹಾಗಿಲ್ಲ.

ಅಷ್ಟರಲ್ಲಿ ಕಿರಿಸೊಸೆ ಹಗುರಾದ ಮುಖದಲ್ಲಿ ಹೊರಬಂದಳು.

"ಏನೇ, ಒಳಗೇನು ಸಿನಿಮಾ ತೋರಿಸ್ತಿದ್ರಾ?"

"ಏನಿಲ್ಲ ಅಕ್ಕಾ. ಔಷಧಿ ತಗೊಂಡು ಬರ್ತೀನಿ, ಇಲ್ಲೇ ಇರಿ."

ಅವಳು ಅತ್ತ ಹೋದದ್ದೇ ತಡ, ಹಿರಿಸೊಸೆ ಒಳಗೆ ನುಗ್ಗಿದಳು. "ಸಿಸ್ಟರ್, ಅವಳಿಗೇನಾಗಿದೆ?"

"ಅದನ್ನ ಅವರನ್ನೇ ಕೇಳಬೇಕಮ್ಮಾ" ಎಂದಳು ನರ್ಸು.

"ಮನೆಗೆ ದೊಡ್ಡೋಳು ನಾನು."

"ಇರಬಹುದು. ಅವರ ಮೈಗೆ ಅವರೇ ದೊಡ್ಡೋರು."

"ಅವಳಿಗೆ ಅರ್ಧ ತಾಸು, ನನಗೆ ಎರಡು ನಿಮಿಷ. ಇದ್ಯಾವ ನ್ಯಾಯ?"

"ಯಾರಿಗೆ ಎಷ್ಟು ಬೇಕೋ ಅಷ್ಟು. ನಿಮಗೆ ಒಂದು ತಾಸು ಬೇಕಂದ್ರೆ ಒಂದು ತಾಸು."

"ಒಂಚೂರು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ಅಂದದ್ದೇ ಬೆಚ್ಚಿದಳು. ಮೂರು ತಿಂಗಳು ನಾಲಿಗೆಗೆ ತಾರದ ಮಾತು ಜಗಳದಲ್ಲಿ ಜಾರಿಬಿದ್ದಿತ್ತು. ಕೈ ತಾನಾಗಿಯೇ ಎದೆಗೆ ಹೋಯಿತು. ನರ್ಸು ಅದನ್ನು ಕಂಡಳು, ಕೆದಕಲಿಲ್ಲ.

"ನಂಬಿಕೆ ಹೋಗುತ್ತಮ್ಮಾ. ನಾಳೆ ಅವರು ಬಂದು ನಿಮ್ಮ ವಿಷಯ ಕೇಳಿದ್ರೂ ಇದೇ ಉತ್ತರ."

"ಅವಳು ಅತ್ತು ಕರೆದ್ರೂ?"

"ಊಹೂಂ."

"ನಮ್ಮ ಯಜಮಾನರು ಕೇಳಿದ್ರೂ?"

"ನೀವು ಒಪ್ಪದೆ ಹೇಳಲ್ಲ."

ಹಿರಿಸೊಸೆಗೆ ಕೇಳಲು ಬಂದ ಗುಟ್ಟು ಸಿಗಲಿಲ್ಲ. ಸಿಗದೆ ಹೋದದ್ದೇ ಅವಳಿಗೆ ಧೈರ್ಯವಾಯಿತು. ಬಾಗಿಲು ಹಾಕಿ ಬಂದು ಕೂತು, ಎದೆಯ ಗಂಟಿನ ವಿಷಯ ಹೇಳಿದಳು.

ನರ್ಸು ಡಾಕ್ಟರಮ್ಮನನ್ನು ಕರೆದಳು. "ಮುಟ್ಟಿ ನೋಡಬಹುದಾ?" ಎಂದು ಕೇಳಿಯೇ ಡಾಕ್ಟರಮ್ಮ ಮುಟ್ಟಿದರು. ಯಾವ ಪರೀಕ್ಷೆ, ಏಕೆ, ಎಷ್ಟು ನೋವು, ಮಾಡಿಸದಿದ್ದರೆ ಏನು ಅಪಾಯ, ಎಲ್ಲವನ್ನೂ ಬಿಡಿಸಿ ಹೇಳಿದರು. "ಬೇಡ ಅನ್ನೋ ಹಕ್ಕೂ ನಿಮ್ಮದೇ" ಎಂದರು. ಹಿರಿಸೊಸೆ ಯೋಚಿಸಿ, ಮತ್ತೆರಡು ಪ್ರಶ್ನೆ ಕೇಳಿ, ಸಹಿ ಹಾಕಿದಳು.

ಗಂಟು ಸಣ್ಣದಿರುವಾಗಲೇ ಚಿಕಿತ್ಸೆ ಶುರುವಾಯಿತು. ಗಂಡನನ್ನೂ ಅತ್ತೆಯನ್ನೂ ಅವಳೇ ಕೂರಿಸಿಕೊಂಡು ಹೇಳಿದಳು. ಕೇಳಿದ ಅತ್ತೆ, ತಾವೂ ಮುಚ್ಚಿಟ್ಟಿದ್ದ ಕಾಯಿಲೆಯೊಂದನ್ನು ತೋರಿಸಲು ಹೊರಟರು. ಕಿರಿಸೊಸೆಗೆ ಏನಾಗಿತ್ತೋ, ಹಿರಿಯವಳಿಗೆ ಇಂದಿಗೂ ಗೊತ್ತಿಲ್ಲ. ಆ ಕಿಚ್ಚು ಪೂರ್ತಿ ಆರಿದೆ ಎಂದರೆ ಸುಳ್ಳಾದೀತು.

ಅಕ್ಕಂದಿರೇ, ಅಣ್ಣಂದಿರೇ, ಮೈಯಲ್ಲಿ ಕಂಡದ್ದನ್ನು ಮನಸ್ಸಿನಲ್ಲಿ ಹೂತಿಡಬೇಡಿ. ಆಸ್ಪತ್ರೆಗೆ ಹೋಗಿ, ಹೇಳಿ, ಕೇಳಿ, ತಿಳಿದು ಒಪ್ಪಿ. ನಿಮ್ಮ ಗುಟ್ಟು ಕಾಯುವುದು ವೈದ್ಯರ ಧರ್ಮ. ಪಕ್ಕದವರ ಗುಟ್ಟನ್ನು ಕೇಳದೆ ಬಿಡುವುದು ನಮ್ಮ ನಿಮ್ಮ ಧರ್ಮ.