ಒಂದು ಬೆರಳಷ್ಟು ತೆರೆದ ಕಿಟಕಿ

ದಕ್ಷಿಣದ ಬೆಚ್ಚನೆ ಗಾಳಿ ಬೀಸತೊಡಗಿದರೆ ನಮ್ಮ ಬೋಸ್ನಿಯಾದ ಬೆಟ್ಟದೂರುಗಳಲ್ಲಿ ಸೂರಿನ ಹಿಮ ತೊಟ್ಟಿಕ್ಕುತ್ತದೆ, ಒಲೆಗಳು ಹೊಗೆ ಕಕ್ಕುತ್ತವೆ. ಆ ಶುಕ್ರವಾರ ಹಸ್ನಿಯಾಳ ಒಲೆಯೂ ಕಕ್ಕುತ್ತಿತ್ತು.

ಆದರೂ ಬೆಂಕಿ ಆರಿಸಲು ಅವಳಿಗೆ ಮನಸ್ಸಿಲ್ಲ. ಸ್ಲೊವೇನಿಯಾದಲ್ಲಿ ಕಟ್ಟಡ ಕೆಲಸಕ್ಕಿರುವ ಗಂಡ ರಿಫೆತ್ ಸಂಜೆಯ ಬಸ್ಸಿಗೆ ಬರುವವನಿದ್ದ. ಅವನು ಒಳಗೆ ಕಾಲಿಟ್ಟಾಗ ಮನೆ ಬೆಚ್ಚಗಿರಬೇಕು, ಆಲೂಗಡ್ಡೆ ತುಂಬಿ ಬೇಯಿಸಿದ ಪಿತಾ ಎಂಬ ಪದರರೊಟ್ಟಿಯ ಘಮ ಎದುರಾಗಬೇಕು. ಅದಕ್ಕೇ ಬೆಳಗಿನಿಂದ ಒಲೆಯ ಗಾಳಿಕಿಂಡಿ ಮುಚ್ಚಿ, ದಪ್ಪ ಕೊರಡೊಂದನ್ನು ಮಂದವಾಗಿ ಹೊಗೆಯಾಡಲು ಬಿಟ್ಟಿದ್ದಳು. ಎಕ್ಸಾಸ್ಟ್ ಫ್ಯಾನು ಗರ್ರೆನ್ನುತ್ತಿತ್ತು.

ಪಕ್ಕದ ಮನೆಯ ಜುಮ್ರಾ ಕಾಫಿಗೆಂದು ಬಂದವಳು ಬಾಗಿಲಲ್ಲೇ ಕೆಮ್ಮಿದಳು.

“ಏನೇ ಇದು, ಅಡುಗೆ ಮಾಡ್ತಿದ್ದೀಯೋ, ಮಾಂಸ ಹೊಗೆಗೆ ಕಟ್ಟಿದ್ದೀಯೋ? ಕಿಟಕಿ ತೆಗಿ!”

“ಬೇಡಕ್ಕಾ, ಅಡ್ಡಗಾಳಿ ಬಡಿಯುತ್ತೆ. ಮೊದಲೇ ಮಗಳಿಗೆ ಬೆಳಗಿಂದ ತಲೆನೋವು, ವಾಕರಿಕೆ. ನಿನ್ನೆ ಶಾಲೆ ಬಸ್ಸಲ್ಲಿ ಯಾರೋ ಎರಡೂ ಕಡೆ ಕಿಟಕಿ ತೆಗೆದಿದ್ರಂತೆ.”

ನಮ್ಮಲ್ಲಿ ಕುತ್ತಿಗೆ ಹಿಡಿದರೂ ಹಲ್ಲು ನೊಂದರೂ ಅಡ್ಡಗಾಳಿಯದೇ ತಪ್ಪು. ಆದರೆ ಹಸ್ನಿಯಾ ಹೇಳದ ಕಾರಣ ಇನ್ನೊಂದಿತ್ತು. ಚಳಿಗಾಲಕ್ಕೆ ಮುಂಚೆ ರಿಫೆತ್ ತಾನೇ ಈ ಹೊಸ ಕಿಟಕಿಗಳನ್ನು ಕೂರಿಸಿ, ಸಂದುಗೊಂದುಗಳಿಗೆಲ್ಲ ಫೋಮು ತುಂಬಿ, “ನಾನಿಲ್ಲದಾಗ ನಿನಗೆ ಒಂದೆಳೆ ಗಾಳಿಯೂ ತಾಗಬಾರದು” ಅಂದಿದ್ದ. ಅವನು ಮುಚ್ಚಿ ಹೋದದ್ದನ್ನು ತೆರೆಯಲು ಅವಳಿಗೆ ಕೈ ಬರುತ್ತಿರಲಿಲ್ಲ.

ತಲೆನೋವು ಎಂದದ್ದೇ ಜುಮ್ರಾ ಒಳಗೆ ನುಗ್ಗಿದಳು. ಮಗು ಇಲ್ಮಾಳನ್ನು ಎತ್ತಿಕೊಂಡು, ತಾಯಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದಳು. ಬಾಗಿಲನ್ನು ಹಾಗೇ ಹಾರುಹೊಡೆದು ಬಿಟ್ಟಳು. ಇಬ್ಬರನ್ನೂ ವೈದ್ಯರಿಗೆ ತೋರಿಸಿ, ಅಪಾಯವಿಲ್ಲವೆಂದು ಕೇಳಿಸಿಕೊಂಡು ಮರಳುವಷ್ಟರಲ್ಲಿ ಒಲೆ ಆರಿ ಮನೆ ತಣ್ಣಗಾಗಿತ್ತು. ಹಸ್ನಿಯಾಳ ಕಣ್ಣು ತುಂಬಿತು.

“ಅವರು ಬರೋ ಹೊತ್ತಿಗೆ ಹೀಗಾಯ್ತಲ್ಲ. ಹೋದ ವರ್ಷ ಇದೇ ಒಲೆ ಚೆನ್ನಾಗೇ ಉರೀತಿತ್ತಲ್ಲಕ್ಕಾ?”

“ಹಳೇ ಕಿಟಕಿ ಸಂದಿಯಿಂದ ಅದಕ್ಕೆ ಉಸಿರು ಸಿಗ್ತಿತ್ತು ಕಣೇ. ಹೊಗೆ ಮೇಲೆ ಹೋಗಬೇಕಂದ್ರೆ ಅಷ್ಟೇ ಗಾಳಿ ಒಳಗೆ ಬರಬೇಕು ತಾನೆ? ಈಗ ಮನೆಗೇ ಬಿರಡೆ ಹಾಕಿದ ಹಾಗಿದೆ. ಸಾಲದ್ದಕ್ಕೆ ನಿನ್ನ ಫ್ಯಾನು ಇರೋ ಗಾಳೀನೂ ಹೊರಗೆ ಎಳೆಯುತ್ತೆ. ಆಗ ಹೊಗೆ ಕೊಳವೆಯಿಂದ ವಾಪಸ್ ಬರುತ್ತೆ.”

“ಕೊರೆಯೋ ಚಳೀಲಿ ಇಷ್ಟು ಹೊಗೆ ಇರಲಿಲ್ಲ.”

“ಹೊರಗೆ ಚಳಿ ಇದ್ರೆ ಬಿಸಿ ಹೊಗೆ ಸರ್ರನೆ ಏರುತ್ತೆ. ಇವತ್ತು ಹೊರಗೂ ಬೆಚ್ಚಗೆ, ಒಳಗೆ ನಿನ್ನ ಮಂದ ಉರಿ. ಏರೋಕೆ ಬಲ ಎಲ್ಲಿಂದ ಬರಬೇಕು?” ಜುಮ್ರಾ ಒಲೆಯ ಬೂದಿ ಕೆದಕಿದಳು. “ನಮ್ಮ ಚಿಕ್ಕಮ್ಮ ಹೀಗೇ ಒಲೆ ಮಂದ ಮಾಡಿ ಮಲಗಿದವಳು ಏಳಲೇ ಇಲ್ವಲ್ಲ, ಆವತ್ತು ಬಂದ ಅಗ್ನಿಶಾಮಕದವರು ಹೇಳಿದ್ದು. ಹೊಗೆಯಾದ್ರೂ ಕಣ್ಣಿಗೆ ಕಾಣುತ್ತೆ. ಅದರ ಜೊತೆ ಬರೋ ಕೊಲ್ಲೋ ಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.”

ಹಸ್ನಿಯಾ ಫ್ಯಾನು ನಿಲ್ಲಿಸಿದಳು. ತಾನೇ ಹೋಗಿ ಕಿಟಕಿಯನ್ನು ಬೆರಳಷ್ಟು ತೆರೆದಳು. ಜುಮ್ರಾ ಕಾಗದ ಸುಟ್ಟು ಹೊಗೆಕೊಳವೆಯನ್ನು ಬೆಚ್ಚಗೆ ಮಾಡಿದಳು, ಗಾಳಿಕಿಂಡಿ ತೆರೆದು ತೆಳ್ಳನೆಯ ಒಣಪುಳ್ಳೆ ಜೋಡಿಸಿದಳು. ಬೆಂಕಿ ಚಿಕ್ಕದು, ಆದರೆ ಧಗಧಗ. ಹೊಗೆಯೆಲ್ಲ ಮೇಲಕ್ಕೆ ಹೋಯಿತು.

ದಾರಿಯಿಂದ ರಿಫೆತ್ ಫೋನು ಮಾಡಿದಾಗ ಹಸ್ನಿಯಾ ಮೊದಲು ಕಿಟಕಿಯ ವಿಷಯ ಹೇಳಿದಳು. “ನಾನು ಹಾಕಿದ ಕಿಟಕಿ ತೆಗೆದಿಟ್ಟಿದ್ದೀಯಾ? ಅಡ್ಡಗಾಳಿ ಬಡಿದ್ರೆ?”

“ಬಡಿದ್ರೆ ಕುತ್ತಿಗೆ ಹಿಡಿಯುತ್ತೆ ಅಷ್ಟೇ ರೀ. ನೀವು ಬಂದು ತಿಕ್ಕಿ.” ಆಮೇಲೆ ಇಲ್ಮಾಳ ವಿಷಯ ಹೇಳಿದಳು.

“ಪೇಟೆಯಲ್ಲಿ ಇಳಿದು ವಿಷಗಾಳಿಗೆ ಕೂಗೋ ಯಂತ್ರ ತರ್ತೀನಿ,” ಅಂದ ರಿಫೆತ್. “ಒಲೆಗೆ ಹೊರಗಿಂದ ಗಾಳಿಕೊಳವೆ ನಾನೇ ಕೂರಿಸ್ತೀನಿ. ನೀನು ಕಿಟಕಿ ಮುಚ್ಚಬೇಡ.”

ಮುಸ್ಸಂಜೆಯಾಯಿತು. ಹೊಸ ಕಿಟಕಿಗಳು ಚಳಿಗಾಲವಿಡೀ ರಸ್ತೆಯ ಸದ್ದನ್ನೂ ಹೊರಗಿಟ್ಟಿದ್ದವೆಂದು ಹಸ್ನಿಯಾಳಿಗೆ ಈಗ ತಿಳಿಯಿತು. ಬೆರಳಷ್ಟು ಸಂದಿಯಿಂದ ನದಿ ಕೇಳಿಸಿತು, ಯಾರದೋ ನಾಯಿ ಕೇಳಿಸಿತು, ಕೊನೆಗೆ ಕೆಳಗಿನ ತಿರುವಿನಲ್ಲಿ ಗೇರು ಬದಲಿಸುವ ಬಸ್ಸು.

ನಿಮ್ಮ ಮನೆಗೂ ಯಾರೋ ಬರುವವರಿದ್ದಾರೆ. ಕಿಟಕಿ ಬಿಗಿಯಾಗಿದ್ದರೆ, ಹೊರಗೆ ಬೆಚ್ಚಗಿದ್ದರೆ, ಒಲೆ ಹಚ್ಚುವ ಮೊದಲು ಅದಕ್ಕೆ ಗಾಳಿ ಕೊಡಿ, ಫ್ಯಾನು ನಿಲ್ಲಿಸಿ. ಬೆಂಕಿಯನ್ನು ಉಸಿರುಗಟ್ಟಿಸಿ ಮಲಗಬೇಡಿ. ಹೊಗೆಕೊಳವೆಯನ್ನು ವರ್ಷವರ್ಷ ಶುಚಿ ಮಾಡಿಸಿ, ವಿಷಗಾಳಿಗೆ ಕೂಗುವ ಯಂತ್ರವೊಂದನ್ನು ಗೋಡೆಗೆ ಹಾಕಿ. ತಲೆ ನೊಂದು ಹೊಟ್ಟೆ ತೊಳಸಿದರೆ ಮನೆಮಂದಿಯೆಲ್ಲ ಮೊದಲು ಹೊರಗೆ ಬನ್ನಿ, ಆಮೇಲೆ ವೈದ್ಯರನ್ನು ಕರೆಯಿರಿ.

ಬರುವವರು ತಟ್ಟಿದಾಗ ಬಾಗಿಲು ತೆರೆಯಲು ನೀವಿರಬೇಕು.