ನಲವತ್ತೊಂದನೇ ಕಂಡಿಕೆಯ ಗಡ್ಡ

“ನಿನ್ನ ಅರ್ಜಿ ಬಿದ್ದೋಯ್ತಂತಲ್ಲ ಜೆಸಿಂತಾ, ನಿನ್ನ ಜಾಗಕ್ಕೆ ಯಾರನ್ನ ಹಾಕ್ಕೊಳ್ಳಲಿ?” ಕೋಳಿ ಕಾರ್ಖಾನೆಯ ಮೇಸ್ತ್ರಿ ಗ್ಲೆನ್ ಸಾಲಿನವರಿಗೆಲ್ಲ ಕೇಳುವ ಹಾಗೆಯೇ ಕೇಳಿದ.

ಜೆಸಿಂತಾ ತಲೆ ಎತ್ತಲಿಲ್ಲ. ಕೊಂಡಿಗೆ ತೂಗಿಕೊಂಡು ಬರುತ್ತಿದ್ದ ಕೋಳಿಗಳ ತೊಡೆ ಬಿಡಿಸುತ್ತಲೇ ಪಕ್ಕದ ಕನಕಳಿಗೆ ತಮಿಳಿನಲ್ಲಿ, “ಈ ಬೋಳಿಮಗನ ತೊಡೇನೂ ಹಿಂಗೇ ಬಿಡಿಸ್ಬೌದು ಕಣೇ” ಅಂದಳು. ಕನಕ ಮಾಸ್ಕಿನೊಳಗೇ ನಕ್ಕಳು.

ಜೆಸಿಂತಾ ಶ್ರೀಲಂಕಾದ ಮನ್ನಾರಿನ ಕಡಲದಂಡೆಯವಳು. ಗಂಡನನ್ನು ವಿಚಾರಣೆಗೆಂದು ಕರೆದೊಯ್ದ ಸೈನ್ಯದವರು ವಾಪಸು ಕಳಿಸಲಿಲ್ಲ. ಅವನ ಫೋಟೊ ಹಿಡಿದು ತನ್ನ ಹಾಗೇ ಮನೆಯವರನ್ನು ಕಳೆದುಕೊಂಡ ಹೆಂಗಸರ ಜೊತೆ ರಸ್ತೆಬದಿ ಧರಣಿ ಕೂತಳು. ಆಮೇಲೆ ಅದೇ ಜನ ಇವಳ ಬಾಗಿಲಿಗೂ ಬಂದರು. ಆಸ್ಟ್ರೇಲಿಯಾಕ್ಕೆ ಬಂದು ಆಶ್ರಯ ಕೇಳಿದರೆ ವಲಸೆ ಇಲಾಖೆ ಇಲ್ಲವೆಂದಿತು. ಈಗ ಮೇಲ್ಮನವಿ ಮಂಡಳಿಯೂ ಇಲ್ಲವೆಂದಿತ್ತು.

ಊರಲ್ಲಿ ಟೀಚರಾಗಿದ್ದ ಕನಕ, ಭಾನುವಾರ ಡ್ಯಾಂಡೆನಾಂಗಿನ ಬಾಡಿಗೆ ಕೋಣೆಯಲ್ಲಿ ಮಂಡಳಿಯ ಇಂಗ್ಲಿಷ್ ತೀರ್ಪನ್ನು ತಮಿಳು ಮಾಡಿ ಓದುತ್ತ ಹೋದಳು. ನಲವತ್ತೊಂದನೇ ಕಂಡಿಕೆಗೆ ಬಂದವಳು ನಿಂತಳು.

“ಅಕ್ಕಾ, ನಿಂಗೆ ಗಡ್ಡ ಇತ್ತಾ?”

ಅರ್ಜಿದಾರನು ಗಡ್ಡ ಬೋಳಿಸಿದ್ದೇಕೆಂದು ತೃಪ್ತಿಕರವಾಗಿ ವಿವರಿಸಲಿಲ್ಲ, ಆದ್ದರಿಂದ ಅವನ ಮಾತು ನಂಬಲರ್ಹವಲ್ಲ ಎಂದು ಬರೆದಿತ್ತು. ಯಾವನದೋ ತೀರ್ಪಿನ ಎರಡು ಕಂಡಿಕೆ ಇವಳದರಲ್ಲಿ ಬಂದು ಕೂತಿದ್ದವು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಜೆಸಿಂತಾಳಿಗೆ ಮೈಯೆಲ್ಲ ಉರಿಯಿತು. ಆ ಮಂಡಳಿಯ ಮುಂದೆ ಅವಳು ಗಂಡನ ಕಥೆ ಹೇಳಿಕೊಂಡು ಮೂರು ಗಂಟೆ ಅತ್ತಿದ್ದಳು.

ಮೂವತ್ತೈದು ದಿನದ ಗಡುವಿನೊಳಗೆ ಕೋರ್ಟಿಗೆ ಅರ್ಜಿ ಹಾಕಿದಳು. ವಕೀಲರು ಯಾರೂ ಸಿಗಲಿಲ್ಲ. ಎರಡು ವರ್ಷದ ಮೇಲೆ ವಿಚಾರಣೆಗೆ ಬಂತು. ನೀನು ಹೇಳುವುದು ನಿಜವೋ ಸುಳ್ಳೋ ನೋಡುವ ಅಧಿಕಾರ ನನಗಿಲ್ಲ, ಮಂಡಳಿ ಕಾನೂನಿನಂತೆ ನಡೆದುಕೊಂಡಿತೇ ಎಂಬುದಷ್ಟೇ ನೋಡುತ್ತೇನೆ ಎಂದು ನ್ಯಾಯಾಧೀಶೆ ಮೊದಲೇ ಹೇಳಿದರು. ಅದು ಬರೀ ಟೈಪಿಂಗ್ ತಪ್ಪು, ಉಳಿದದ್ದೆಲ್ಲ ಸರಿಯಿದೆ ಎಂದು ಇಲಾಖೆಯ ವಕೀಲ ವಾದಿಸಿದ. ನಿನ್ನದೇನಮ್ಮ ಎಂದು ನ್ಯಾಯಾಧೀಶೆ ಕೇಳಿದಾಗ ಜೆಸಿಂತಾ ಎದ್ದು ನಿಂತಳು.

“ಗಡ್ಡ ಅವನದಾದ್ರೆ ‘ಇಲ್ಲ’ ಅಂದಿದ್ದೂ ಅವನಿಗೇ ತಾಯಿ. ನಂಗೇನಂದ್ರು ಅಂತ ಇನ್ನೂ ಗೊತ್ತಾಗಿಲ್ಲ. ಇಲ್ಲಾ, ಗಡ್ಡ ನಂದೇ ಅಂತ ಈ ಸಾಹೇಬ್ರು ಹೇಳ್ಲಿ, ನಾಳೆಯಿಂದ ಬೋಳಿಸ್ಕೊಂಡೇ ಬರ್ತೀನಿ.”

ದುಭಾಷಿ ಕೊನೆಯ ಮಾತನ್ನು ನುಂಗಲು ನೋಡಿದ. ಅದನ್ನೂ ಹೇಳಿ ಎಂದರು ನ್ಯಾಯಾಧೀಶೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಕೀಲ ಫೈಲಿನಲ್ಲಿ ಏನನ್ನೋ ಹುಡುಕತೊಡಗಿದ.

ಮಂಡಳಿಯ ತೀರ್ಪು ರದ್ದಾಯಿತು. ಹೊರಗೆ ಕನಕ ತಬ್ಬಿಕೊಂಡಳು. ಹಂಗಾದ್ರೆ ವೀಸಾ ಸಿಕ್ತಾ ಎಂದು ಜೆಸಿಂತಾ ಕೇಳಿದಳು. ಇಲ್ಲ, ಅದೇ ಮಂಡಳಿ ಮೊದಲಿಂದ ಮತ್ತೆ ಕೇಳಬೇಕಂತೆ ಎಂದಳು ಕನಕ.

“ಥೂ, ಗೆದ್ದಿದ್ದಕ್ಕೆ ಮತ್ತೆ ಅವರ ಮುಂದೇನೇ ಹೋಗಿ ಅಳಬೇಕಾ?”

ಏಳು ತಿಂಗಳ ನಂತರ ಮಂಡಳಿಯಿಂದ ಕರೆ ಬಂತು. ಹೊಸ ಅಧಿಕಾರಿ ಗಡಿಯಾರ ನೋಡಿ, ಧ್ವನಿಮುದ್ರಣದ ಯಂತ್ರ ಒತ್ತಿ, ಗಂಡನ ವಿಷಯದಿಂದಲೇ ಶುರು ಮಾಡು ಎಂದ. ಜೆಸಿಂತಾ ಕೈಕಟ್ಟಿ ಕೂತಳು.

“ಮೊದ್ಲು ನೀವು ಅವನ ಹೆಸರು ಓದಿ. ಯಾರ ವಿಷ್ಯ ಮಾತಾಡ್ತಿದೀವಿ ಅಂತ ಗೊತ್ತಾಗ್ಲಿ.”

ಅಧಿಕಾರಿ ಕಾಗದ ನೋಡಿ ಓದಿದ, ಅರ್ಧದಲ್ಲೇ ಎಡವಿದ. ಮತ್ತೊಂದು ಸಲ ಎಂದಳು. ಮತ್ತೆ ತಪ್ಪಿದ. ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಸ-ವ-ರಿ-ಮು-ತ್ತು. ಅವಸರ ಏನಿಲ್ಲ, ನಿಧಾನಕ್ಕೆ ಹೇಳಿ.”

ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ಅಧಿಕಾರಿ ಗಂಟಲು ಸರಿಮಾಡಿಕೊಂಡು ಮೂರನೇ ಸಲ ಓದತೊಡಗಿದ.