ನಕಾಶೆಯೊಳಗಿನ ಬಂಡಿದಾರಿ

“ಹಂಗಾರ ಈ ದಾರಿ ಹೋತೆಲ್ಲಿ?”

ತ್ರಿಶಲಾ ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎದುರಿಗೆ ಎರಡಾಳೆತ್ತರದ ಕಬ್ಬು ನಿಂತಿತ್ತು. ಹಿಂದೆ ಕೇರಿಯ ಕೊನೆಯ ಮನೆಯ ಗೋಡೆಗೆ ತಟ್ಟಿದ ಕುಳ್ಳು ಒಣಗುತ್ತಿದ್ದವು. ಕೈಯಲ್ಲಿದ್ದ ಊರಿನ ನಕಾಶೆಯಲ್ಲಿ ಜೋಡಿ ಚುಕ್ಕಿಗೆರೆಯೊಂದು ಆ ಗೋಡೆಯ ಮಗ್ಗುಲಿಂದ ಹೊರಟು, ನೂರಾ ಹದಿನಾಲ್ಕನೆಯ ಸರ್ವೆ ನಂಬರನ್ನು ಓರೆಯಾಗಿ ಸೀಳಿಕೊಂಡು, ಹಳ್ಳದ ದಂಡೆಯ ಮಸಣಕ್ಕೆ ಹೋಗಿ ಮುಟ್ಟಿತ್ತು. ಜೋಡಿ ಚುಕ್ಕಿಗೆರೆ ಎಂದರೆ ಬಂಡಿದಾರಿ ಎಂದು ನಕಾಶೆಯ ಅಂಚಿನಲ್ಲಿ ಬರೆದಿತ್ತು. ನೂರಾ ಹದಿನಾಲ್ಕು ಅವರದೇ ಹೊಲ. ಅಲ್ಲಿ ಅವಳಪ್ಪ ಭಾವುಸಾಹೇಬನ ಕಬ್ಬು ಈ ಬದುವಿನಿಂದ ಆ ಬದುವಿನವರೆಗೆ ಒಂದು ಗೇಣು ಬಿಡದೆ ಬೆಳೆದಿತ್ತು.

ರಾಯಬಾಗದ ಕಾಲೇಜಿನಲ್ಲಿ ಅವಳ ಮುಖ್ಯ ವಿಷಯ ವಾಣಿಜ್ಯ. ಜೊತೆಗೊಂದು ಮೈನರ್ ಆರಿಸಿಕೊಳ್ಳಬೇಕಿತ್ತು. ಕಂಪ್ಯೂಟರಿನ ಸೀಟುಗಳು ಅವಳ ಸರದಿ ಬರುವ ಹೊತ್ತಿಗೆ ತುಂಬಿಹೋಗಿದ್ದವು, ಉಳಿದದ್ದು ಸಾಮಾಜಿಕ ನ್ಯಾಯ. ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಾಳೆ ಗಂಡನ ಮನ್ಯಾಗ ಅತ್ತಿ ಜೋಡಿ ನ್ಯಾಯಾ ತಗ್ಯಾಕ ಇದೊಂದ ಕಲಿಯೂದ ಉಳದಿತ್ತ ನೋಡ ಎಂದು ಅಜ್ಜಿ ಬಂದವರೆದುರೆಲ್ಲ ಹೇಳಿ ನಗಿಸಿದ್ದಳು. ಪಾಠ ಹೇಳುವ ಮಾಯಾ ಮೇಡಂ ಸಣ್ಣ ದನಿಯ ಹೆಂಗಸು. ಅವರು ಪುಸ್ತಕ ಕೊಡಲಿಲ್ಲ. ಎಲ್ಲರೂ ತಂತಮ್ಮ ಊರಿನ ನಕಾಶೆ ತೆಗೆಸಿಕೊಂಡು, ಅದರಲ್ಲಿ ಊರಿಗೆಲ್ಲ ಸೇರಿದ್ದೆಂದು ತೋರಿಸಿದ ದಾರಿ, ಬಾವಿ, ದನ ಮೇಯುವ ಗಾಯರಾಣಗಳನ್ನು ಕಾಲಿನಿಂದ ನಡೆದು ನೋಡಿ, ಅಲ್ಲಿ ಯಾರು ಓಡಾಡುತ್ತಾರೆ, ಯಾರು ಓಡಾಡುವುದಿಲ್ಲ ಎಂದು ಎರಡು ಹಾಳೆ ಬರೆದು ತರಬೇಕೆಂದರು. ಸೋಮವಾರ ಅದನ್ನು ಕ್ಲಾಸಿನ ಮುಂದೆ ಓದಬೇಕಿತ್ತು.

ಕೇರಿಯವರ ಹೆಣ ಮಸಣಕ್ಕೆ ಹೇಗೆ ಹೋಗುತ್ತದೆಂಬುದು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯ ಗಂಡಸೊಬ್ಬ ಇವರ ಕಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದ. ಹೆಗಲ ಮೇಲಿನ ಟವೆಲ್ಲು ಕೈಗಿಳಿಯುತ್ತಿತ್ತು. “ದಾರಿ ಕೊಡ್ರಿ ಅಣ್ಣಾರ” ಎಂದು ಒಂದೇ ಮಾತು. ಭಾವುಸಾಹೇಬ ತಾಟಿನ ಮುಂದೆ ಕುಳಿತಿದ್ದರೂ ಎದ್ದುಬಿಡುತ್ತಿದ್ದ. ತಾನೇ ಹೋಗಿ ನಿಂತು ನಾಲ್ಕು ಸಾಲು ಕಬ್ಬು ಕಡಿಸುತ್ತಿದ್ದ. ಹೆಣ ಸಾಗುವಾಗ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದ. ಕಡಿದ ಕಬ್ಬಿನ ಮಾತನ್ನು ಆಮೇಲೆ ಒಮ್ಮೆಯೂ ಎತ್ತಿದವನಲ್ಲ. ತಿಂಗಳೊಪ್ಪತ್ತಿನಲ್ಲಿ ಕುಳೆ ಚಿಗುರಿ ಆ ಸಾಲು ಮುಚ್ಚಿಹೋಗುತ್ತಿತ್ತು.

ಮೈನರಿನ ಮೊದಲ ದಿನ ಊರಿನ ಒಳ್ಳೆಯ ಸಂಗತಿಯೊಂದನ್ನು ಹೇಳಿರೆಂದಾಗ ತ್ರಿಶಲಾ ಎದ್ದು ನಿಂತು ಇದನ್ನೇ ಹೇಳಿದ್ದಳು. ಮಾಯಾ ಮೇಡಂ ಪೂರ್ತಿ ಕೇಳಿಸಿಕೊಂಡು, ನಿಮ್ಮ ತಂದೆ ಊರಲ್ಲಿಲ್ಲದ ದಿನ ಏನು ಮಾಡುತ್ತಾರೆ ಎಂದಷ್ಟೇ ಕೇಳಿದ್ದರು. ಸಂಜೆ ಮುಗಳಖೋಡದ ಬಸ್ಸಿನಲ್ಲಿ ಕಿಟಕಿಗೆ ಒರಗಿದಾಗ ಅವಳಿಗೆ ಉತ್ತರ ನೆನಪಾಯಿತು. ಅಪ್ಪ ಶ್ರವಣಬೆಳಗೊಳಕ್ಕೆ ಹೋಗಿದ್ದ ವರ್ಷ ಕೇರಿಯ ಹೆಣವೊಂದು ಎರಡು ದಿನ ಕಾದಿತ್ತು.

ನಕಾಶೆ ಹಿಡಿದು ಹೊಲ ಸುತ್ತಿದ ಆ ಸಂಜೆಯೇ ಅವಳು ಅದನ್ನು ಅಪ್ಪನ ಮುಂದೆ ಹಾಸಿದಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ಅದು. ಭಾವುಸಾಹೇಬ ಕೈ ಒರೆಸಿಕೊಂಡು ಕಟ್ಟೆಗೆ ಬಂದು ಚಷ್ಮಾ ಹಾಕಿಕೊಂಡ. ಅವನ ಬೆರಳು ಅಲ್ಲಿ ಇಲ್ಲಿ ಹುಡುಕಲಿಲ್ಲ, ನೇರವಾಗಿ ಹೋಗಿ ಆ ಚುಕ್ಕಿಗೆರೆಯ ಮೇಲೆ ಕುಳಿತುಕೊಂಡಿತು.

“ನಿಮಗ ಗೊತ್ತಿತ್ತೇನ ಪಪ್ಪಾ?”

“ನಮ್ಮಜ್ಜನ ಕಾಲದಾಗ ಬಂಡಿ ಹೋಗತಿದ್ದು. ಬಾವಿ ನೀರ ಹರದ ಮ್ಯಾಲ ದಾರೀನೂ ಹರಗಿ ಕಬ್ಬ ಹಚ್ಚಿದ್ರ.” ಅವನು ಚಷ್ಮಾ ತೆಗೆದು ಕಣ್ಣು ಒತ್ತಿಕೊಂಡ. “ನಾ ಯಾರಿಗೂ ಇಲ್ಲ ಅಂದಾಂವಲ್ಲ, ಮಗಳ.”

ಊರ ಬಾವಿಯ ಬಗ್ಗೆ ಬರೆ, ಶಾಲೆಯ ಅಂಗಳದ ಬಗ್ಗೆ ಬರೆ, ಬರೆಯಲು ಬೇಕಾದಷ್ಟಿದೆ, ಮನೆಯ ಮಾತನ್ನು ನಾಲ್ಕು ಮಂದಿಯ ಮುಂದೆ ಓದುವುದು ಬೇಡ ಎಂದು ಅವನು ಸಾವಕಾಶವಾಗಿ ಹೇಳಿದ. ಅವಳು ಕಾಗದ ಎತ್ತಿಕೊಂಡಳು. ಮಡಚುವಾಗ ನಕಾಶೆ ಯಾಕೋ ಮೊದಲಿನ ಮಡಿಕೆಗೆ ಕೂಡಲೊಲ್ಲದಾಯಿತು.

ಮರುದಿನ ಬೆಳಿಗ್ಗೆ ಅಜ್ಜಿಯ ಜೊತೆ ಕುಳಿತು ಪ್ರಾರ್ಥನೆಯ ಪಾಠ ಹೇಳುವಾಗ ಅವಳು ನಡುವೆ ತಪ್ಪಿದಳು. ಒಂದು ಇಂದ್ರಿಯದ ಜೀವದಿಂದ ಐದು ಇಂದ್ರಿಯದ ಜೀವದವರೆಗೆ, ನಡೆಯುವಾಗ ಕಾಲಿಗೆ ಸಿಕ್ಕ ಎಲ್ಲರಲ್ಲೂ ಕ್ಷಮೆ ಬೇಡುವ ಪಾಠ ಅದು. ಮಾತು ಬಲಿಯುವ ಮೊದಲೇ ನಾಲಿಗೆಗೆ ಬಂದದ್ದು. ಅಜ್ಜಿ ಕಣ್ಣು ತೆರೆಯದೆಯೇ ಬಿಟ್ಟುಹೋದ ಸಾಲನ್ನು ಎತ್ತಿಕೊಟ್ಟಳು. ತ್ರಿಶಲಾ ಮುಂದುವರಿಸಿದಳು, ಮತ್ತೆ ಅಲ್ಲಿಗೇ ಬಂದು ನಿಂತಳು. ಅಜ್ಜಿ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

ಯಾರು ಓಡಾಡುವುದಿಲ್ಲ ಎಂದು ಬರೆಯಬೇಕಾದರೆ ಅವರನ್ನೇ ಕೇಳಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವಳು ಸಂಜೆ ಸತ್ತೆಪ್ಪನ ಮನೆಗೆ ಹೋದಳು. ಸತ್ತೆಪ್ಪ ಇಪ್ಪತ್ತು ವರ್ಷದಿಂದ ಅವರ ಹೊಲದಲ್ಲಿ ದುಡಿಯುವವನು, ಅಪ್ಪನಿಗಿಂತ ಒಂದೆರಡು ವರ್ಷ ದೊಡ್ಡವನು. ಮಾತು ಬಂದಾಗಿನಿಂದ ಅವಳು ಅವನನ್ನು ಸತ್ತೆಪ್ಪಾ ಎಂದೇ ಕರೆದದ್ದು. ಅಂದು ಅವನ ಬಾಗಿಲಿಗೆ ಬಂದಾಗ ಹಾಗೆ ಬರೀ ಹೆಸರು ಹಿಡಿದು ಕರೆಯಲು ಅವಳಿಂದಾಗಲಿಲ್ಲ. ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿದಳು. ಒಳಗೆ ಹೊರಸಿನ ಮೇಲೆ ಮಲಗಿದ್ದ ಅವನ ತಾಯಿ ತಾರವ್ವ, ಯಾರ ಅದು, ಬೆಳಕಿಗೆ ಅಡ್ಡ ನಿಂತಾರ, ಎಂದಳು. ಕಳೆ ತೆಗೆಯುವಾಗ ಹಾಡು ಹೇಳಿದರೆ ಮೂರು ಹೊಲದಾಚೆ ಕೇಳಿಸುತ್ತಿದ್ದ ದನಿ ಈಗ ಹೊರಸು ದಾಟಿ ಬರುತ್ತಿರಲಿಲ್ಲ.

ಸತ್ತೆಪ್ಪ ನಕಾಶೆಯನ್ನು ಅಂಗಳದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವಳು ಒಂದೊಂದೇ ಗುರುತು ತೋರಿಸಿದಳು. ಇದು ನಿಮ್ಮ ಗೋಡೆ, ಇದು ಹಳ್ಳ, ಇದು ಮಸಣ, ನಡುವಿನದು ಬಂಡಿದಾರಿ. ಸರಕಾರದ್ದೇನು ಎಂದು ಅವನು ಕೇಳಿದ. ಸರಕಾರದ್ದೇ ಎಂದಳು.

“ನಮ್ಮಪ್ಪ ಸತ್ತಾಗ ಕೇಳಾಕ ನಾನ ಬಂದಿದ್ನಿರಿ ಅಕ್ಕಾರ. ಎಂಟ ವರ್ಷಾತು. ನೀವು ಕಟ್ಟಿ ಮ್ಯಾಲ ಕುಂತ ಅಭ್ಯಾಸ ಮಾಡಾಕತ್ತಿದ್ರಿ.”

ಅವಳಿಗೆ ಅದು ನೆನಪಿರಲಿಲ್ಲ. ಎಷ್ಟು ಕೆದಕಿದರೂ ಬರಲಿಲ್ಲ. ಸತ್ತೆಪ್ಪ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಕೊಟ್ಟ. ಹೊತ್ತ ಮುಣಗಾಕ ಬಂತು, ನಿಮ್ಮ ಊಟಾ ತಪ್ಪತೈತಿ, ಹೋಗ್ರಿ ಎಂದ.

ಅವಳು ಹೋದಳು, ಉಂಡಳು, ಆದರೆ ಮನಸ್ಸು ಒಂದೆಡೆ ನಿಲ್ಲಲಿಲ್ಲ. ಕ್ಲಾಸಿಗೆ ಬರೆಯಲು ಕುಳಿತರೆ ಹೇಳಬಾರದ್ದನ್ನು ಹೇಳಿ ಬಂದೆನೇನೋ ಅನ್ನಿಸುತ್ತಿತ್ತು. ಬರೆಯದೆ ಎದ್ದರೆ ಹೇಳಲು ಇಷ್ಟು ವರ್ಷ ಬೇಕಾಯಿತೇ ಅನ್ನಿಸುತ್ತಿತ್ತು. ಅಪ್ಪ ಎದುರು ಬಂದಾಗಲೆಲ್ಲ, ತೋರಿಸಿದ್ದೇನೆ ಎಂಬ ಒಂದು ಮಾತು ತುಟಿಯವರೆಗೆ ಬಂದು ಒಳಗೆ ಸರಿಯುತ್ತಿತ್ತು. ಅವನು ಎಂದಿನಂತೆ ಅವಳಿಗೆ ದ್ರಾಕ್ಷಿ ತಂದ, ಕಾಲೇಜಿನ ಬಸ್ಸಿನ ವೇಳೆ ವಿಚಾರಿಸಿದ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಅವಳು ಹುಟ್ಟಿದಾಗಿನಿಂದ ಅಪ್ಪನಿಂದ ಮುಚ್ಚಿಟ್ಟದ್ದು ಇದೊಂದೇ.

ಶನಿವಾರ ಬೆಳಿಗ್ಗೆ ತಾರವ್ವ ತೀರಿಕೊಂಡಳು.

ಸುದ್ದಿ ಬಂದಕೂಡಲೆ ಭಾವುಸಾಹೇಬ ಕುಡಗೋಲು ಮಸೆಸಿ ಕಟ್ಟೆಯ ಮೂಲೆಗೆ ಇಟ್ಟ. ತೆಂಗಿನಕಾಯಿ ಆರಿಸಿದ. ತಾರವ್ವ ಭಾಳ ಒಳ್ಳೇಕಿ, ದಾರಿ ಅಗಲ ಮಾಡಸ್ತೀನಿ, ಎಂಟು ಸಾಲು ಹೋದರೂ ಹೋಗಲಿ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹತ್ತಾಯಿತು. ಕೇರಿಯ ಕಡೆಯಿಂದ ಹಲಗೆಯ ಸಪ್ಪಳ ಶುರುವಾಯಿತು. ಯಾರೂ ಬರಲಿಲ್ಲ. ನಡುಮಧ್ಯಾಹ್ನ ಕಳೆಯಿತು. ಅವನು ಕಟ್ಟೆಯಿಂದ ಇಳಿದು ಬೀದಿಯ ತಿರುವಿನವರೆಗೆ ಹೋಗಿ ಬಂದ, ಕುಳಿತ, ಮತ್ತೆ ಎದ್ದ. ಹೆಣ ಎತ್ತುವವರೆಗೆ ಬಾಯಿಗೆ ನೀರು ಹಾಕುವುದಿಲ್ಲ ಎಂದ. ಯಾರನ್ನಾದರೂ ಕಳಿಸು, ನಾಲ್ಕು ಸಾಲು ಕಡಿಸಿಬಿಡು ಎಂದು ಅಜ್ಜಿ ಒಳಗಿನಿಂದ ಹೇಳಿದಳು.

“ಕೇಳಲಾರದ ಹೆಂಗ ಕೊಡ್ಲಿ ಅವ್ವಾ? ಕೇಳಾಕರ ಬರಬೇಕಲ್ಲ.”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹಬ್ಬಕ್ಕೆ ಯಾರೂ ಕರೆಯದವನ ಮುಖದಂತೆ ಅದು ಬಾಡಿತ್ತು. ಅದನ್ನು ನೋಡಲಾರದೆ ತ್ರಿಶಲಾ ಹೊಸ್ತಿಲು ದಾಟಿ ಅವನ ಮುಂದೆ ಬಂದು ನಿಂತಳು.

“ಪಪ್ಪಾ, ಸತ್ತೆಪ್ಪಣ್ಣಗ ನಕಾಶೆ ನಾನ ತೋರಿಸೇನಿ.”

ಭಾವುಸಾಹೇಬ ಅವಳನ್ನು ನೋಡಿದ, ಬಸ್ಸಿನಿಂದ ಇಳಿದು ವಿಳಾಸ ಕೇಳುವವರನ್ನು ನೋಡುವ ಹಾಗೆ. ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳು. ಅವನು ಕುಡಗೋಲು ಎತ್ತಿಕೊಂಡು, ಚಪ್ಪಲಿ ಮೆಟ್ಟದೆ, ಬೀದಿಗಿಳಿದ. ಅವಳು ಹಿಂದೆ ನಡೆದಳು.

ಕಬ್ಬಿನ ಬದುವಿನಲ್ಲಿ ಚಟ್ಟವನ್ನು ನೆಲಕ್ಕಿಳಿಸಿದ್ದರು. ತಾರವ್ವನ ಮುಖಕ್ಕೆ ಹಚ್ಚಿದ ಅರಿಸಿನದ ಭಂಡಾರ ಬಿಸಿಲಿಗೆ ಒಣಗಿ ಬಿರಿದಿತ್ತು. ಸುತ್ತ ನಲವತ್ತು ಐವತ್ತು ಮಂದಿ ಕುಳಿತಿದ್ದರು, ಹೆಂಗಸರೂ ಇದ್ದರು. ಕಬ್ಬಿನ ಒಂದು ಗಳವನ್ನೂ ಕಡಿದಿರಲಿಲ್ಲ. ಹಲಗೆಯ ಬಡಿತ ನಿಂತಿತ್ತು. ಭಾವುಸಾಹೇಬ ಹತ್ತಿರ ಬಂದಾಗ ಇಬ್ಬರು ಮೂವರು ರೂಢಿಯಿಂದ ಎದ್ದರು, ಉಳಿದವರು ಏಳದ್ದನ್ನು ಕಂಡು ಕೂಡಬೇಕೋ ನಿಲ್ಲಬೇಕೋ ತಿಳಿಯದೆ ಹಾಗೇ ಬಾಗಿ ನಿಂತರು. ಸತ್ತೆಪ್ಪ ತಾಯಿಯ ತಲೆಯ ಬಳಿ ಕುಳಿತು ಟವೆಲ್ಲಿನಿಂದ ನೊಣ ಓಡಿಸುತ್ತಿದ್ದ. ತಾಲೂಕಿನಿಂದ ಸಾಹೇಬರು ಬಂದು ಅಳೆಯುವವರೆಗೆ ಕಾಯುತ್ತಾರಂತೆ, ಫೋನು ಮಾಡಿದ್ದಾರಂತೆ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ಶನಿವಾರ ಯಾವ ಸಾಹೇಬ ಬರ್ತಾನ ಎಂದು ಇನ್ನೊಬ್ಬರು.

ಭಾವುಸಾಹೇಬ ಮೊದಲು ತಾರವ್ವನಿಗೆ ಕೈಮುಗಿದ. ಆಮೇಲೆ ಕಬ್ಬಿನ ಕಡೆ ನೋಡಿದ, ಇಳಿಯುತ್ತಿದ್ದ ಹೊತ್ತಿನ ಕಡೆ ನೋಡಿದ. ತ್ರಿಶಲಾ ಅಪ್ಪನ ಬೆನ್ನ ಹಿಂದೆ ನಿಂತಿದ್ದಳು. ಅಲ್ಲಿಂದ ಅವಳಿಗೆ ಸತ್ತೆಪ್ಪನ ಮುಖ ಕಾಣುತ್ತಿರಲಿಲ್ಲ. ಅವಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಹಾಗೆ ಸರಿದಾಗ ಹೆಂಗಸರ ಸಾಲು ಅವಳ ಮೊಣಕಾಲಿಗೆ ತಾಕಿತು. ಒಬ್ಬಳು ಸ್ವಲ್ಪ ಒತ್ತರಿಸಿ ಜಾಗ ಮಾಡಿದಳು. ತ್ರಿಶಲಾ ಅಲ್ಲೇ ಕುಳಿತಳು.

“ಸತ್ತೆಪ್ಪಾ, ಹೊತ್ತ ಭಾಳ ಆತು. ಕುಡಗೋಲ ತಂದೇನಿ. ನಾನ ಕಡೀತೀನಿ,” ಎಂದ ಭಾವುಸಾಹೇಬ.

ಸತ್ತೆಪ್ಪ ನೊಣ ಓಡಿಸುತ್ತಲೇ ಇದ್ದ.

“ದಾರಿ ಕೊಡ್ರಿ ಅಂತ ಒಂದ ಮಾತ ಕೇಳಪಾ. ಕೇಳ್ತಾ ಬಂದೀರಿ, ನಾ ಕೊಡ್ತಾ ಬಂದೇನಿ. ಎಂದರ ಇಲ್ಲ ಅಂದೇನೇನ?”

ಕಬ್ಬಿನೊಳಗೆ ಗಾಳಿ ಹೊಕ್ಕು ಒಣ ಎಲೆಯ ರವದಿ ಸದ್ದು ಮಾಡಿತು. ಭಾವುಸಾಹೇಬ ಕುಡಗೋಲನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡ. ಅವನ ತುಟಿಗಳು ಒಣಗಿದ್ದವು. ಮುಂದೆ ಬಂದು, ಚಟ್ಟದ ಪಕ್ಕದಲ್ಲಿ, ಮಣ್ಣಿನಲ್ಲೇ ಕುಕ್ಕರಗಾಲಿನಲ್ಲಿ ಕುಳಿತ. ಈಗ ಇಬ್ಬರ ಮುಖಗಳ ನಡುವೆ ಒಂದು ಮೊಳ ದೂರವಿತ್ತು. ಅವನು ದನಿ ತಗ್ಗಿಸಿದರೂ ಎಲ್ಲರಿಗೂ ಕೇಳಿಸಿತು.

“ಮಂದಿ ಮುಂದ ಬ್ಯಾಡ. ನನ್ನ ಕಿವ್ಯಾಗ ಅಂದ್ರ ಸಾಕು. ಕೈ ಮುಗೀತೀನಿ, ಒಮ್ಮಿ ಕೇಳ.”

ಸತ್ತೆಪ್ಪ ಟವೆಲ್ಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ತಾಯಿಯ ಹಣೆಯ ಮೇಲೆ ಸರಿದಿದ್ದ ಸೆರಗನ್ನು ನೆಟ್ಟಗೆ ಮಾಡಿದ.

“ಕೇಳೂದಿಲ್ರಿ, ಅಣ್ಣಾರ.”